ಇದು ಯಾವ ಹಾಡು? ಶಜಾಮ್, ಗೂಗಲ್, ಸೌಂಡ್‌ಹೌಂಡ್‌ಗಳಲ್ಲಿ ಯಾವಾಗ ಯಾವುದು

ಹೋಟೆಲಿನ ಸ್ಪೀಕರಿನಲ್ಲಿ ತೇಲಿಬಂದ ಹಾಡು, ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾದವರು ಹಾಡಿದ ಹಾಡು, ಬೆಳಿಗ್ಗೆಯಿಂದ ತಲೆಯಲ್ಲೇ ಸುತ್ತುತ್ತಿರುವ ಹಾಡು. ಮೂರರಲ್ಲೂ ನಮ್ಮ ಪ್ರಶ್ನೆ ಒಂದೇ, ‘ಇದು ಯಾವ ಹಾಡು?’ ಫೋನಿಗೆ ಮಾತ್ರ ಇವು ಮೂರು ಬೇರೆ ಬೇರೆ ಲೆಕ್ಕಗಳು. ಮೊದಲನೆಯದಕ್ಕೆ ತಟ್ಟನೆ ಉತ್ತರ ಕೊಡುವ ಆ್ಯಪ್ ಎರಡನೆಯದಕ್ಕೆ ಕೈಚೆಲ್ಲುತ್ತದೆ, ಮೂರನೆಯದಕ್ಕಂತೂ ಅದರಲ್ಲಿ ದಾರಿಯೇ ಇಲ್ಲ. ಆದ್ದರಿಂದ ‘ಯಾವ ಆ್ಯಪ್ ಒಳ್ಳೆಯದು’ ಎಂದು ಕೇಳುವ ಮುಂಚೆ ‘ಹಾಡು ಎಲ್ಲಿಂದ ಬರುತ್ತಿದೆ’ ಎಂದು ಕೇಳಿಕೊಳ್ಳಬೇಕು.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುವುದಾದರೆ: ಸ್ಪೀಕರು, ರೇಡಿಯೊ, ರೀಲ್ಸ್, ಟಿವಿಯಲ್ಲಿ ಬರುವ ಧ್ವನಿಮುದ್ರಿತ ಹಾಡಿಗೆ ಶಜಾಮ್. ಯಾರೋ ಎದುರಿಗೆ ಹಾಡುತ್ತಿದ್ದರೆ ಅಥವಾ ನೀವೇ ಗುನುಗಬೇಕಿದ್ದರೆ ಗೂಗಲ್. ಗೂಗಲ್‌ನದೇ ಪಿಕ್ಸೆಲ್ ಫೋನ್ ಇದ್ದರೆ, ಧ್ವನಿಮುದ್ರಿತ ಹಾಡನ್ನು ತಾನಾಗಿ ಗುರುತಿಸುವ ಅದರ ‘ನೌ ಪ್ಲೇಯಿಂಗ್’ ಕೂಡ ಇದೆ. ಹಾರ್ಡ್ ಡಿಸ್ಕಿನಲ್ಲಿ ಹೆಸರಿಲ್ಲದೆ ಬಿದ್ದಿರುವ ಹಳೆಯ ಎಂಪಿ3ಗಳಿಗೆ ಇವು ಯಾವುವೂ ಅನುಕೂಲವಲ್ಲ, ಅದಕ್ಕೆ ಬೇರೆ ಸಾಧನವಿದೆ.

ಒಳಗೆ ನಡೆಯುವುದೇನು

ಶಜಾಮ್‌ನದು ಬೆರಳಚ್ಚಿನ ವಿಧಾನ. ಕೇಳಿಸಿದ ಸದ್ದನ್ನು ಕಾಲ ಮತ್ತು ಕಂಪನಾಂಕಗಳ ನಕ್ಷೆಯಾಗಿ ಬಿಡಿಸಿ, ಅದರಲ್ಲಿ ಅತಿ ಜೋರಾಗಿ ಎದ್ದು ಕಾಣುವ ಬಿಂದುಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. ಕತ್ತಲ ಆಕಾಶದಲ್ಲಿ ಪ್ರಖರ ನಕ್ಷತ್ರಗಳನ್ನಷ್ಟೇ ಗುರುತು ಹಾಕಿಕೊಂಡ ಹಾಗೆ. ಆಮೇಲೆ ಎರಡೆರಡು ಬಿಂದುಗಳನ್ನು ಜೋಡಿ ಮಾಡಿ, ಅವುಗಳ ಕಂಪನಾಂಕ ಮತ್ತು ನಡುವಿನ ಕಾಲದ ಅಂತರವನ್ನು ಸೇರಿಸಿ ಒಂದು ಸಂಖ್ಯೆ ಮಾಡುತ್ತದೆ. ಇಂಥ ಸಂಖ್ಯೆಗಳು ಸಂಗ್ರಹದಲ್ಲಿರುವ ಯಾವ ಧ್ವನಿಮುದ್ರಣದಲ್ಲಿ ಇದೇ ಅನುಕ್ರಮದಲ್ಲಿ ಸಿಗುತ್ತವೋ ಅದೇ ಉತ್ತರ. ಈ ವಿಧಾನವನ್ನು ರೂಪಿಸಿದ ಏವರಿ ವಾಂಗ್ 2003ರಲ್ಲಿ ಅದನ್ನು ಪ್ರಬಂಧವಾಗಿ ಪ್ರಕಟಿಸಿದರು. ಅದಕ್ಕೂ ಮೊದಲೇ, 2002ರಲ್ಲಿ, ಬ್ರಿಟನ್ನಿನಲ್ಲಿ ಸೇವೆ ಶುರುವಾಗಿತ್ತು. ಸ್ಮಾರ್ಟ್‌ಫೋನ್ ಇಲ್ಲದ ಕಾಲ ಅದು. 2580ಕ್ಕೆ ಕರೆ ಮಾಡಿ ಫೋನನ್ನು ಸ್ಪೀಕರಿನ ಕಡೆ ಹಿಡಿದರೆ ಹಾಡಿನ ಹೆಸರು ಎಸ್ಸೆಮ್ಮೆಸ್ಸಿನಲ್ಲಿ ಬರುತ್ತಿತ್ತು.

ಆ ಪ್ರಬಂಧದಲ್ಲಿರುವ ಒಂದು ಪರೀಕ್ಷೆ ಇವತ್ತಿಗೂ ನಮಗೆ ಉಪಯೋಗಕ್ಕೆ ಬರುತ್ತದೆ. ಪಬ್ಬಿನ ಗದ್ದಲವನ್ನು ಹಾಡಿನ ತುಣುಕುಗಳ ಮೇಲೆ ಬೆರೆಸಿ, 10,000 ಹಾಡುಗಳ ಸಂಗ್ರಹದಲ್ಲಿ ಹುಡುಕಿಸಿದ್ದರು. 5 ಸೆಕೆಂಡಿನ ತುಣುಕಾದರೆ ಗದ್ದಲದ ಶಕ್ತಿ ಹಾಡಿನ ಎರಡು ಪಟ್ಟು ಆದಾಗ ಯಶಸ್ಸು ಅರ್ಧಕ್ಕಿಳಿಯಿತು. 10 ಸೆಕೆಂಡಾದರೆ ನಾಲ್ಕು ಪಟ್ಟಿನವರೆಗೆ, 15 ಸೆಕೆಂಡಾದರೆ ಸುಮಾರು ಎಂಟು ಪಟ್ಟಿನವರೆಗೆ ತಾಳಿಕೊಂಡಿತು. ಅಂದರೆ ಗದ್ದಲದಲ್ಲಿ ಫೋನನ್ನು ಇನ್ನಷ್ಟು ಹೊತ್ತು ಹಿಡಿಯುವುದೇ ದೊಡ್ಡ ಉಪಾಯ. ಎರಡು ಸೆಕೆಂಡಿಗೇ ‘ಸಿಗಲಿಲ್ಲ’ ಎಂದು ಫೋನ್ ಜೇಬಿಗೆ ಹಾಕುವವರೇ ಹೆಚ್ಚು.

ಬೆರಳಚ್ಚಿನ ವಿಧಾನದ ಬಲವೇ ಅದರ ಮಿತಿಯೂ ಹೌದು. ಅದಕ್ಕೆ ಗೊತ್ತಿರುವುದು ನಿರ್ದಿಷ್ಟ ಧ್ವನಿಮುದ್ರಣ, ಹಾಡು ಗೊತ್ತಿಲ್ಲ. ಅದೇ ಗಾಯಕರು ಅದೇ ಹಾಡನ್ನು ವೇದಿಕೆಯಲ್ಲಿ ಮತ್ತೆ ಹಾಡಿದರೆ ಕಾಲದ ಅಂತರಗಳು ಕೂದಲೆಳೆಯಷ್ಟು ಬದಲಾಗಿರುತ್ತವೆ. ಶಜಾಮ್‌ನ ಲೆಕ್ಕದಲ್ಲಿ ಅದು ಬೇರೆಯದೇ ಸದ್ದು.

ಗೂಗಲ್‌ನ ಗುನುಗು-ಹುಡುಕಾಟ 2020ರ ಅಕ್ಟೋಬರಿನಲ್ಲಿ ಬಂತು. ಅದು ವಾದ್ಯ, ಕಂಠದ ಗುಣ, ಹಿನ್ನೆಲೆ ಎಲ್ಲವನ್ನೂ ಪಕ್ಕಕ್ಕಿಟ್ಟು ಧಾಟಿಯನ್ನು ಮಾತ್ರ ಹಿಡಿಯುತ್ತದೆ: ಸ್ವರ ಎಲ್ಲಿ ಏರಿತು, ಎಲ್ಲಿ ಇಳಿಯಿತು, ಎಷ್ಟು ಹೊತ್ತು ನಿಂತಿತು. ನಿಮ್ಮ ಶ್ರುತಿ ಮೂಲ ಹಾಡಿಗಿಂತ ಮೇಲಿದ್ದರೂ ಕೆಳಗಿದ್ದರೂ, ಲಯ ಸ್ವಲ್ಪ ಎಳೆದರೂ ನಡೆಯುತ್ತದೆ. ಆದರೆ ಸಂಗ್ರಹದ ಗಾತ್ರ ನೋಡಿ. ಧ್ವನಿಮುದ್ರಣ ಗುರುತಿಸುವ ತನ್ನ ಸೇವೆಯಲ್ಲಿ ಒಂದು ಕೋಟಿಗೂ ಹೆಚ್ಚು ಹಾಡುಗಳಿವೆ ಎಂದು ಗೂಗಲ್ 2018ರಲ್ಲಿ ಹೇಳಿತ್ತು. ಗುನುಗು-ಹುಡುಕಾಟಕ್ಕೆ 2020ರಲ್ಲಿ ಹೇಳಿದ್ದು ಐದು ಲಕ್ಷಕ್ಕೂ ಹೆಚ್ಚು ಎಂದು. ಎರಡೂ ಆಮೇಲೆ ಬೆಳೆಯುತ್ತಲೇ ಇವೆ. ಜನಪ್ರಿಯ ಸಿನಿಮಾ ಹಾಡು ಗುನುಗಿದರೆ ಸಿಗುವಷ್ಟು ಸುಲಭವಾಗಿ ಅಪರೂಪದ ಭಾವಗೀತೆ ಸಿಗದಿರುವುದಕ್ಕೆ ಕಾರಣ ನಿಮ್ಮ ಕಂಠವೇ ಆಗಿರಬೇಕಿಲ್ಲ.

ಶಜಾಮ್

ಆ್ಯಪಲ್ 2018ರಲ್ಲಿ ಇದನ್ನು ಕೊಂಡುಕೊಂಡಿತು. ಆ್ಯಪ್ ಉಚಿತ, ಜಾಹೀರಾತಿಲ್ಲ, ಆ್ಯಂಡ್ರಾಯ್ಡ್‌ನಲ್ಲೂ ಇದೆ.

ಐಫೋನಿನವರಿಗೆ ಆ್ಯಪ್ ಹಾಕಿಕೊಳ್ಳುವ ಅಗತ್ಯವೂ ಇಲ್ಲ. ಐಒಎಸ್ 14.2ರಿಂದ ಈಚೆಗೆ ಕಂಟ್ರೋಲ್ ಸೆಂಟರಿನಲ್ಲೇ ಇದರ ಗುಂಡಿಯಿದೆ. ಐಒಎಸ್ 17 ಮತ್ತು ಹಿಂದಿನವುಗಳಲ್ಲಿ ಸೆಟ್ಟಿಂಗ್ಸ್, ಕಂಟ್ರೋಲ್ ಸೆಂಟರ್‌ಗೆ ಹೋಗಿ ‘ಮ್ಯೂಸಿಕ್ ರೆಕಗ್ನಿಷನ್’ ಎದುರಿನ ಹಸಿರು ಕೂಡು ಗುರುತನ್ನು ಒತ್ತಬೇಕು. ಐಒಎಸ್ 18ರಿಂದ ಕಂಟ್ರೋಲ್ ಸೆಂಟರನ್ನು ಎಳೆದು, ಎಡ ಮೇಲ್ತುದಿಯ ಕೂಡು ಗುರುತು ಒತ್ತಿ ಅಲ್ಲಿಂದಲೇ ಸೇರಿಸಬಹುದು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ರೀಲ್ಸ್ ನೋಡುತ್ತಿದ್ದರೂ ಈ ಗುಂಡಿ ಫೋನಿನೊಳಗಿನ ಹಾಡನ್ನೇ ಹಿಡಿಯುತ್ತದೆ. ಗುಂಡಿಯನ್ನು ಒತ್ತಿ ಹಿಡಿದರೆ ಹಿಂದೆ ಗುರುತಿಸಿದ ಹಾಡುಗಳ ಪಟ್ಟಿ ಬರುತ್ತದೆ. ಆ್ಯಂಡ್ರಾಯ್ಡ್‌ನಲ್ಲಿ ಇದೇ ಕೆಲಸಕ್ಕೆ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಪಾಪ್-ಅಪ್ ಸೌಲಭ್ಯವನ್ನು ಚಾಲೂ ಮಾಡಬೇಕು. ಪರದೆಯ ಮೇಲೆ ಒಂದು ತೇಲುವ ಗುಂಡಿ ಉಳಿಯುತ್ತದೆ.

ಇದರ ಅತ್ಯಂತ ಬೆಲೆಯುಳ್ಳ ಗುಣ ಹೆಚ್ಚಿನವರಿಗೆ ಗೊತ್ತೇ ಇಲ್ಲ. ನೆಟ್‌ವರ್ಕ್ ಇಲ್ಲದಿದ್ದರೂ ಗುಂಡಿ ಒತ್ತಬಹುದು. ಶಿರಾಡಿ ಘಾಟಿಯಲ್ಲಿ ಬಸ್ಸು ಇಳಿಯುತ್ತಿದೆ, ಸಿಗ್ನಲ್ ಹೋಗಿದೆ, ಡ್ರೈವರು ಹಾಕಿದ ಹಾಡು ಬೇಕು ಎನಿಸಿದರೆ ಶಜಾಮ್ ಆ್ಯಪ್ ತೆರೆದು ಒತ್ತಿ. ಅದು ಬೆರಳಚ್ಚನ್ನು ಫೋನಿನಲ್ಲೇ ಉಳಿಸಿಕೊಂಡು, ನೆಟ್ ಬಂದ ಮೇಲೆ ಆ್ಯಪ್ ತೆರೆದಾಗ ಹುಡುಕಿ ಹೇಳುತ್ತದೆ. ದೂರ ಪ್ರಯಾಣ ಮಾಡುವವರು ಐಫೋನ್ ಇದ್ದರೂ ಈ ಕಾರಣಕ್ಕೆ ಆ್ಯಪನ್ನು ಹಾಕಿಟ್ಟುಕೊಳ್ಳುವುದು ಒಳ್ಳೆಯದು.

ಆ್ಯಪ್‌ನ ದೊಡ್ಡ ಗುಂಡಿಯನ್ನು ಒತ್ತಿ ಹಿಡಿದರೆ ‘ಆಟೋ ಶಜಾಮ್’ ಶುರುವಾಗುತ್ತದೆ, ಒಂದಾದ ಮೇಲೊಂದು ಹಾಡನ್ನು ತಾನೇ ಪಟ್ಟಿ ಮಾಡುತ್ತ ಹೋಗುತ್ತದೆ. ಮದುವೆಮನೆಯ ಡಿಜೆ, ರೇಡಿಯೊದ ಒಂದು ಗಂಟೆಯ ಕಾರ್ಯಕ್ರಮಗಳಿಗೆ ಇದು ಸರಿ. ಮೈಕು ಬಿಡದೆ ಕೇಳುತ್ತಿರುವುದರಿಂದ ಬ್ಯಾಟರಿ ಬೇಗ ಇಳಿಯುತ್ತದೆ, ಮುಗಿದ ಕೂಡಲೇ ಆರಿಸಿ. ಸ್ಪಾಟಿಫೈ ಅಥವಾ ಆ್ಯಪಲ್ ಮ್ಯೂಸಿಕ್ ಖಾತೆಯನ್ನು ಜೋಡಿಸಿದರೆ ಸಿಕ್ಕಿದ ಹಾಡುಗಳೆಲ್ಲ ಅಲ್ಲಿ ಒಂದು ಪ್ಲೇಲಿಸ್ಟಾಗಿ ಕೂರುತ್ತವೆ.

ಗೂಗಲ್‌ನ ಹಲವು ದಾರಿಗಳು

ಗೂಗಲ್‌ನಲ್ಲಿ ತೊಡಕೆಂದರೆ ಒಂದೇ ಕೆಲಸಕ್ಕೆ ನಾಲ್ಕೈದು ಬಾಗಿಲುಗಳಿವೆ. ಅಸಿಸ್ಟೆಂಟಿಗೆ ಬಾಯಲ್ಲಿ ಕೇಳುವ ದಾರಿ ಫೋನಿನಿಂದ ಫೋನಿಗೆ ಬದಲಾಗುತ್ತದೆ. ನಂಬಬಹುದಾದ ದಾರಿ ಇದು: ಗೂಗಲ್ ಆ್ಯಪ್ ತೆರೆಯಿರಿ, ಹುಡುಕು ಪಟ್ಟಿಯಲ್ಲಿರುವ ಮೈಕ್ ಒತ್ತಿ, ಕೆಳಗೆ ಕಾಣುವ ‘ಸರ್ಚ್ ಎ ಸಾಂಗ್’ ಒತ್ತಿ, 10ರಿಂದ 15 ಸೆಕೆಂಡು ಗುನುಗಿ. ಸಂಭವನೀಯ ಹಾಡುಗಳ ಪಟ್ಟಿ ಶೇಕಡಾವಾರು ಹೊಂದಿಕೆಯೊಂದಿಗೆ ಬರುತ್ತದೆ. ಮೊದಲನೆಯದೇ ಸರಿ ಎಂದುಕೊಳ್ಳಬೇಡಿ. ಶೇ 30-40ರ ಆಸುಪಾಸಿನಲ್ಲಿ ಕುಳಿತ ಎರಡನೆಯ, ಮೂರನೆಯ ಹೆಸರೂ ನಿಮ್ಮ ಹಾಡಾಗಿರಬಹುದು, ಪ್ರತಿಯೊಂದನ್ನೂ ಒತ್ತಿ ಕೇಳಿ. ಇದೇ ಗುಂಡಿ ಸ್ಪೀಕರಿನಲ್ಲಿ ಬರುತ್ತಿರುವ ಹಾಡನ್ನೂ ಗುರುತಿಸುತ್ತದೆ.

ಯೂಟ್ಯೂಬ್ ಮ್ಯೂಸಿಕ್ ಆ್ಯಪ್‌ನಲ್ಲೂ ಹುಡುಕು ಪಟ್ಟಿಯ ಪಕ್ಕದಲ್ಲಿ ಧ್ವನಿಯ ಅಲೆಯಂಥ ಗುರುತಿದೆ, ಅಲ್ಲೂ ಗುನುಗಬಹುದು. ಸಿಕ್ಕ ಹಾಡನ್ನು ಅಲ್ಲೇ ಕೇಳುವವರಿಗೆ ಇದು ಹತ್ತಿರದ ದಾರಿ. ಪರದೆಯ ಮೇಲಿರುವುದನ್ನು ಅಲ್ಲಿಂದಲೇ ಹುಡುಕುವ ಗೂಗಲ್‌ನ ‘ಸರ್ಕಲ್ ಟು ಸರ್ಚ್’ ಸೌಲಭ್ಯ ಇರುವ ಆ್ಯಂಡ್ರಾಯ್ಡ್ ಫೋನುಗಳಲ್ಲಿ ಕೆಳಗಿನ ನ್ಯಾವಿಗೇಷನ್ ಪಟ್ಟಿಯನ್ನು ಒತ್ತಿ ಹಿಡಿದರೆ ಸಂಗೀತದ ಚಿಹ್ನೆಯೊಂದು ಕಾಣುತ್ತದೆ. ವಿಡಿಯೊ ನೋಡುತ್ತಿರುವಾಗ ಅದರಿಂದ ಹೊರಬರದೆ ಹುಡುಕಲು ಇದು ಹೇಳಿಮಾಡಿಸಿದ್ದು.

ಗುನುಗುವುದರಲ್ಲೂ ಸರಿ-ತಪ್ಪುಗಳಿವೆ. ಬಾಯಿ ಮುಚ್ಚಿ ‘ಮ್ಮ್ಮ್’ ಎಂದು ಎಳೆದರೆ ಒಂದು ಸ್ವರ ಮುಗಿದು ಇನ್ನೊಂದು ಶುರುವಾಗುವುದು ಯಂತ್ರಕ್ಕೆ ಸ್ಪಷ್ಟವಾಗುವುದಿಲ್ಲ. ‘ದ ದ ದ’ ಅಥವಾ ‘ಲ ಲ ಲ’ ಎಂದು ಸ್ವರಗಳನ್ನು ಬಿಡಿಸಿ ಹಾಡಿ. ಗಮಕ, ಬಿರ್ಕಾಗಳನ್ನು ಬಿಟ್ಟು ಮಟ್ಟಿನ ಅಸ್ಥಿಪಂಜರವನ್ನಷ್ಟೇ ಕೊಡಿ. ಪಲ್ಲವಿಯನ್ನೇ ಆರಿಸಿಕೊಳ್ಳಿ, ಅದರಲ್ಲೂ ಒಂದೇ ಸ್ವರದಲ್ಲಿ ನಿಲ್ಲುವ ಸಾಲಿಗಿಂತ ಏರಿಳಿತ ಇರುವ ಸಾಲು ಮೇಲು. ವಾದ್ಯಗಳ ನಡುವಿನ ತುಣುಕನ್ನು ಗುನುಗಿದರೆ ಸಿಗುವ ಸಾಧ್ಯತೆ ಕಡಿಮೆ. ಸಿಳ್ಳೆ ಹಾಕಬಲ್ಲವರು ಸಿಳ್ಳೆಯನ್ನೇ ಹಾಕಿ, ಸ್ವರ ನಿಖರವಾಗಿ ಬೀಳುತ್ತದೆ.

ಪಿಕ್ಸೆಲ್ ಫೋನಿನ ‘ನೌ ಪ್ಲೇಯಿಂಗ್’ 2017ರಲ್ಲಿ ಪಿಕ್ಸೆಲ್ 2ರ ಜೊತೆ ಬಂತು. ನೀವೇನೂ ಒತ್ತಬೇಕಿಲ್ಲ, ಸುತ್ತ ಹಾಡು ಕೇಳಿಸಿದರೆ ಲಾಕ್ ಪರದೆಯ ಮೇಲೆ ಹೆಸರು ಮೂಡುತ್ತದೆ. ಫೋನಿನಲ್ಲೇ ಇಳಿಸಿಟ್ಟ ಬೆರಳಚ್ಚುಗಳ ಸಂಗ್ರಹದ ಜೊತೆ ಹೋಲಿಸುವುದರಿಂದ ಇಂಟರ್ನೆಟ್ ಬೇಡ, ಧ್ವನಿ ಫೋನಿನಿಂದ ಆಚೆ ಹೋಗುವುದಿಲ್ಲ. ಆ ಸಂಗ್ರಹ ಆಯಾ ಪ್ರದೇಶದಲ್ಲಿ ಜನಪ್ರಿಯವಾದ ಹಾಡುಗಳದ್ದು. ಹಾಗಾಗಿ ಈ ವರ್ಷದ ಹಿಟ್ ಹಾಡನ್ನು ತಾನಾಗಿ ಹೇಳುವ ಫೋನು ಎಪ್ಪತ್ತರ ದಶಕದ ಹಾಡಿಗೆ ಸುಮ್ಮನಿದ್ದರೆ ಫೋನು ಕೆಟ್ಟಿದೆ ಎಂದಲ್ಲ. ಆಗ ಲಾಕ್ ಪರದೆಯ ಹುಡುಕು ಗುಂಡಿಯನ್ನು ಒತ್ತಿದರೆ ಸರ್ವರಿನ ದೊಡ್ಡ ಸಂಗ್ರಹಕ್ಕೆ ಹೋಗುತ್ತದೆ. ಈ ಗುಂಡಿ ಮತ್ತು ಇಡೀ ಸೌಲಭ್ಯ ಸೆಟ್ಟಿಂಗ್ಸ್‌ನ ‘ಸೌಂಡ್ ಆ್ಯಂಡ್ ವೈಬ್ರೇಷನ್’ ಒಳಗಿವೆ.

ಸೌಂಡ್‌ಹೌಂಡ್

ಗುನುಗಿ ಹುಡುಕುವುದನ್ನು ಜನರಿಗೆ ಮೊದಲು ಅಭ್ಯಾಸ ಮಾಡಿಸಿದವರು ಇವರೇ, ಆಗ ಅದರ ಹೆಸರು ಮಿಡೋಮಿ. ಇವತ್ತಿಗೂ ಒಂದೇ ಗುಂಡಿಯಲ್ಲಿ ಧ್ವನಿಮುದ್ರಣವನ್ನೂ ಗುನುಗನ್ನೂ ಸ್ವೀಕರಿಸುತ್ತದೆ. ಬ್ರೌಸರಿನಲ್ಲಿ ಮಿಡೋಮಿ ತಾಣವನ್ನು ತೆರೆದರೆ ಆ್ಯಪ್ ಇಲ್ಲದೆಯೂ ಲ್ಯಾಪ್‌ಟಾಪಿನ ಮೈಕಿಗೆ ಗುನುಗಬಹುದು. ಇಂಗ್ಲಿಷ್ ಹಾಡುಗಳಿಗೆ ಸಾಹಿತ್ಯವನ್ನು ಹಾಡಿನ ಜೊತೆಜೊತೆಗೆ ಓಡಿಸಿ ತೋರಿಸುವುದು ಇದರ ಆಕರ್ಷಣೆ. ಉಚಿತ ಆವೃತ್ತಿಯಲ್ಲಿ ಜಾಹೀರಾತುಗಳಿವೆ. ಕನ್ನಡ ಹಾಡುಗಳನ್ನೇ ಹೆಚ್ಚಾಗಿ ಹುಡುಕುವವರು ಇದನ್ನು ಮೂರನೆಯ ಆಯ್ಕೆಯಾಗಿ ಇಟ್ಟುಕೊಂಡರೆ ಸಾಕು: ಶಜಾಮ್, ಗೂಗಲ್ ಎರಡೂ ಸೋತ ಮೇಲೆ ಒಂದು ಪ್ರಯತ್ನ.

ಕನ್ನಡ ಹಾಡು ಹುಡುಕುವಾಗ ಎಡವುವ ಜಾಗಗಳು

ಮಟ್ಟು ಒಂದೇ, ಭಾಷೆ ಬೇರೆ. ಇಳಯರಾಜ ಸಂಗೀತ ನೀಡಿದ 1981ರ ‘ಗೀತಾ’ ಚಿತ್ರದ ‘ಜೊತೆಯಲಿ ಜೊತೆಜೊತೆಯಲಿ’ ಮಟ್ಟು 2007ರ ಹಿಂದಿ ಚಿತ್ರ ‘ಚೀನಿ ಕಮ್’ನಲ್ಲೂ ಇದೆ. ಗುನುಗಿದಾಗ ಯಂತ್ರಕ್ಕೆ ಸಿಗುವುದು ಮಟ್ಟು ಮಾತ್ರ, ಹಾಗಾಗಿ ಇಂಥ ಹಾಡಿಗೆ ಹಿಂದಿ ಅಥವಾ ತಮಿಳಿನ ಹೆಸರು ಬಂದರೆ ಉತ್ತರ ತಪ್ಪಲ್ಲ, ಅರ್ಧ ದಾರಿ. ಸಂಗೀತ ನಿರ್ದೇಶಕರ ಹೆಸರು ಹಿಡಿದು ಅವರ ಕನ್ನಡ ಚಿತ್ರಗಳತ್ತ ಹೋದರೆ ಉಳಿದರ್ಧ ಸಿಗುತ್ತದೆ. ಐದು ಭಾಷೆಗಳಲ್ಲಿ ಒಟ್ಟಿಗೆ ಬಿಡುಗಡೆಯಾಗುವ ಈಗಿನ ಸಿನಿಮಾಗಳಲ್ಲಿ ಶಜಾಮ್ ಕೂಡ ಹೀಗೇ ಎಡವುತ್ತದೆ. ವಾದ್ಯದ ಪಟ್ಟಿ ಐದರಲ್ಲೂ ಅದೇ, ಬದಲಾಗುವುದು ಕಂಠವೊಂದೇ. ಹಾಡಿನ ಆರಂಭದ ವಾದ್ಯಭಾಗದಲ್ಲಿ ಒತ್ತಿದರೆ ತೆಲುಗು ಆವೃತ್ತಿ ಬರಬಹುದು. ಹಾಡುವವರ ಧ್ವನಿ ಶುರುವಾದ ಮೇಲೆ ಮತ್ತೆ ಒತ್ತಿ.

ಸಾಹಿತ್ಯ ಒಂದೇ, ಮಟ್ಟು ಬೇರೆ. ದಾಸರ ಪದ, ವಚನ, ಭಾವಗೀತೆಗಳ ಕಥೆ ಇದರ ತಿರುವುಮುರುವು. ‘ಭಾಗ್ಯದ ಲಕ್ಷ್ಮೀ ಬಾರಮ್ಮ’ವನ್ನು ಭೀಮಸೇನ ಜೋಶಿ ಹಾಡಿದ್ದಾರೆ, ಎಂ.ಎಸ್. ಸುಬ್ಬುಲಕ್ಷ್ಮಿ ಹಾಡಿದ್ದಾರೆ, ಇನ್ನೂ ಎಷ್ಟೋ ಮಂದಿ ಹಾಡಿದ್ದಾರೆ. ಇಲ್ಲಿ ಸಾಹಿತ್ಯ ಹಾಕಿ ಹುಡುಕಿದರೆ ಹತ್ತಾರು ಫಲಿತಾಂಶ ಬಂದು ನಿಮಗೆ ಬೇಕಾದ ಕಂಠ ಕಳೆದುಹೋಗುತ್ತದೆ. ಶಜಾಮ್ ಧ್ವನಿಮುದ್ರಣವನ್ನೇ ಗುರುತಿಸುವುದರಿಂದ ಯಾರ ಕಂಠ, ಯಾವ ಆಲ್ಬಮ್ ಎಂದು ಸರಿಯಾಗಿ ಹೇಳುತ್ತದೆ. ಇಂಥ ಹಾಡು ಸ್ಪೀಕರಿನಲ್ಲಿ ಬರುತ್ತಿರುವಾಗಲೇ ಒತ್ತಿಬಿಡಿ, ಆಮೇಲೆ ಗುನುಗಿ ಹುಡುಕುವುದು ಕಷ್ಟ.

ಶಾಸ್ತ್ರೀಯ ಕಛೇರಿಯಲ್ಲಿ ಯಾವ ಆ್ಯಪನ್ನೂ ನೆಚ್ಚಬೇಡಿ. ಆಲಾಪನೆ, ಸ್ವರಕಲ್ಪನೆ ಆ ಕ್ಷಣದಲ್ಲಿ ಹುಟ್ಟುವಂಥವು. ಬೆರಳಚ್ಚು ಹೊಂದುವುದಿಲ್ಲ, ಧಾಟಿಯೂ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಕೃತಿಯ ಪಲ್ಲವಿಯ ಮಾತುಗಳನ್ನು ಕೇಳಿ ಬರೆದುಕೊಳ್ಳುವುದೇ ದಾರಿ.

ಇನ್ನು ಸಂಗ್ರಹದಲ್ಲೇ ಇಲ್ಲದ ಹಾಡುಗಳು. ಆಕಾಶವಾಣಿಯ ಸ್ಟುಡಿಯೊದಲ್ಲಿ ಮುದ್ರಿಸಿ ಬಿತ್ತರಿಸುವ ಭಾವಗೀತೆ, ಯಕ್ಷಗಾನದ ಬಯಲಾಟದ ಪದ, ಊರಿನ ಭಜನಾ ತಂಡದ ಹಾಡು, ಧಾರಾವಾಹಿಯ ಹಿನ್ನೆಲೆ ಸಂಗೀತ, ಕ್ಯಾಸೆಟ್ಟಿನಲ್ಲಷ್ಟೇ ಬಂದು ಡಿಜಿಟಲ್ ಆಗದೆ ಉಳಿದ ಜನಪದ ಗೀತೆ. ಇವು ಬೇರೆ ಬೇರೆ ಆ್ಯಪ್ ಬದಲಾಯಿಸಿದ ಮಾತ್ರಕ್ಕೆ ಸಿಗುವುದಿಲ್ಲ. ನೆನಪಿರುವ ಒಂದು ಸಾಲನ್ನು ಕನ್ನಡ ಲಿಪಿಯಲ್ಲೇ, ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ, ಪಕ್ಕದಲ್ಲಿ ‘ಭಾವಗೀತೆ’, ‘ಜನಪದ’ ಎಂದು ಸೇರಿಸಿ. ಅದೇ ಸಾಲನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಮೂರು ಕಾಗುಣಿತದಲ್ಲಿ ಮತ್ತೆ ಯೂಟ್ಯೂಬಿನಲ್ಲಿ ಹುಡುಕಿ. ಎರಡು ಲಿಪಿಗಳ ಫಲಿತಾಂಶಗಳು ಬೇರೆ ಬೇರೆ ಬರುತ್ತವೆ, ಏಕೆಂದರೆ ವಿಡಿಯೊ ಹಾಕಿದವರು ಒಂದೇ ಲಿಪಿಯಲ್ಲಿ ಶೀರ್ಷಿಕೆ ಬರೆದಿರುತ್ತಾರೆ. ಟೈಪು ಮಾಡಲು ಬೇಸರವಾದರೆ ಕೀಬೋರ್ಡಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ಮೈಕ್ ಒತ್ತಿ ಸಾಲನ್ನು ಹೇಳಿ. ಹಾಡಬೇಡಿ, ಮಾತಿನಂತೆ ಹೇಳಿ.

ಹೆಸರು ಸಿಕ್ಕ ಮೇಲೂ ವಿವರಗಳನ್ನು ಪೂರ್ತಿ ನಂಬಬಾರದು. ಹಳೆಯ ಚಿತ್ರಗೀತೆಗಳು ಹಲವು ಸಂಕಲನಗಳಲ್ಲಿ ಮತ್ತೆ ಮತ್ತೆ ಬಂದಿರುವುದರಿಂದ ಆ್ಯಪ್ ತೋರಿಸುವ ಆಲ್ಬಮ್ ‘ಸುಮಧುರ ಗೀತೆಗಳು’ ಥರದ್ದಾಗಿರುತ್ತದೆ, ವರ್ಷ ಆ ಸಂಕಲನದ್ದಾಗಿರುತ್ತದೆ. ಚಿತ್ರದ ಹೆಸರು, ಗೀತರಚನೆಕಾರರ ಹೆಸರು ಬೇಕಿದ್ದರೆ ಸರೆಗಮ, ಲಹರಿ, ಆನಂದ್ ಆಡಿಯೊ ಮುಂತಾದ ಹಕ್ಕುದಾರ ಸಂಸ್ಥೆಗಳ ಯೂಟ್ಯೂಬ್ ವಾಹಿನಿಯಲ್ಲಿ ಅದೇ ಹಾಡು ತೆರೆದು ವಿವರಣೆಯನ್ನು ಓದಿ.

ಸಿಗಬೇಕಾದ್ದು ಸಿಗದಿದ್ದರೆ

ಮೊದಲು ಮೈಕಿನ ಅನುಮತಿ ನೋಡಿ. ಆ್ಯಪ್ ಸುಮ್ಮನೆ ಸುತ್ತುತ್ತ ನಿಂತರೆ ಹಲವು ಸಲ ಅದೇ ಕಾರಣ. ಬ್ಲೂಟೂತ್ ಹೆಡ್‌ಸೆಟ್ ಜೋಡಣೆಯಲ್ಲಿದ್ದರೆ ಫೋನಿನ ಮೈಕಿನ ಬದಲು ಬ್ಯಾಗಿನಲ್ಲಿರುವ ಹೆಡ್‌ಸೆಟ್ಟಿನ ಮೈಕು ಕೇಳುತ್ತಿರಬಹುದು, ಬ್ಲೂಟೂತ್ ಆರಿಸಿ ನೋಡಿ. ಮುಖ್ಯ ಮೈಕು ಫೋನಿನ ಕೆಳ ಅಂಚಿನಲ್ಲಿರುತ್ತದೆ, ಅಂಗೈ ಅಲ್ಲೇ ಮುಚ್ಚಿಕೊಳ್ಳುತ್ತದೆ.

ಸ್ಪೀಕರಿಗೆ ಫೋನನ್ನು ಅಂಟಿಸಿ ಹಿಡಿಯುವುದು ತಪ್ಪು. ಜೋರು ಸದ್ದಿಗೆ ಮೈಕು ಒಡೆದ ಧ್ವನಿ ಹಿಡಿಯುತ್ತದೆ. ಮೆರವಣಿಗೆಯ ಡಿಜೆ ಗಾಡಿಯಿಂದ ಹತ್ತಿಪ್ಪತ್ತು ಅಡಿ ಹಿಂದೆ ಸರಿದು ಒತ್ತಿ. ಕಲ್ಯಾಣ ಮಂಟಪದಲ್ಲಿ ಇದರ ವಿರುದ್ಧ: ಪ್ರತಿಧ್ವನಿ ಹೆಚ್ಚು, ಆದ್ದರಿಂದ ಹಾಲಿನ ಹಿಂದಿನಿಂದ ಎದ್ದು ಸ್ಪೀಕರಿನ ಹತ್ತಿರಕ್ಕೆ ನಡೆಯಿರಿ.

ರೀಲ್ಸ್‌ನ ಹಾಡು ಸಿಗದಿದ್ದರೆ ವೇಗ ಬದಲಿಸಿರುತ್ತಾರೆ. ನಿಧಾನಿಸಿದ ಅಥವಾ ವೇಗ ಹೆಚ್ಚಿಸಿದ ಆವೃತ್ತಿಯಲ್ಲಿ ಶ್ರುತಿಯೂ ಕಾಲದ ಅಂತರವೂ ಬದಲಾಗಿ ಬೆರಳಚ್ಚು ಹಾಳಾಗುತ್ತದೆ. ಪ್ಲೇಯರಿನಲ್ಲಿ ವೇಗ ತಗ್ಗಿಸಿ ಸರಿಪಡಿಸಲು ಹೋದರೂ ಕೆಲಸವಾಗುವುದಿಲ್ಲ, ಏಕೆಂದರೆ ಪ್ಲೇಯರುಗಳು ಶ್ರುತಿಯನ್ನು ಹಾಗೆಯೇ ಇಟ್ಟು ಲಯವನ್ನಷ್ಟೇ ಎಳೆಯುತ್ತವೆ. ಎರಡು ಸಲ ಕೇಳಿ, ನೀವೇ ಗೂಗಲ್‌ಗೆ ಗುನುಗುವುದು ಇಲ್ಲಿ ಬೇಗ ಫಲ ಕೊಡುತ್ತದೆ. ಆರ್ಕೆಸ್ಟ್ರಾ ಹಾಡಿಗೂ ಇದೇ ಮದ್ದು. ಅವರು ಹಾಡುತ್ತಿರುವಾಗ ಹುಡುಕಿ ಸಿಗದಿದ್ದರೆ, ಪಲ್ಲವಿಯನ್ನು ನೆನಪಿಟ್ಟುಕೊಂಡು ಪೆಂಡಾಲಿನಿಂದ ಆಚೆ ಬಂದು ಗುನುಗಿ.

ಹೆಸರಿಲ್ಲದ ಎಂಪಿ3ಗಳು

ಹಿಂದೆ ಸಿಡಿಯಿಂದ ಇಳಿಸಿಕೊಂಡ ‘ಟ್ರ್ಯಾಕ್ 01’, ‘ಟ್ರ್ಯಾಕ್ 02’ಗಳು ನೂರಾರು ಇದ್ದರೆ ಒಂದೊಂದನ್ನೂ ಫೋನಿಗೆ ಕೇಳಿಸುತ್ತ ಕೂರಬೇಡಿ. ಕಂಪ್ಯೂಟರಿನಲ್ಲಿ ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಎಂಬ ಉಚಿತ, ಮುಕ್ತ ತಂತ್ರಾಂಶ ಹಾಕಿಕೊಳ್ಳಿ. ಫೋಲ್ಡರನ್ನು ಎಳೆದು ಹಾಕಿ ‘ಸ್ಕ್ಯಾನ್’ ಒತ್ತಿದರೆ ಪ್ರತಿ ಕಡತದ ಬೆರಳಚ್ಚು ತೆಗೆದು ಅಕೌಸ್ಟ್‌ಐಡಿ ಸಂಗ್ರಹದಲ್ಲಿ ಹುಡುಕುತ್ತದೆ, ಸಿಕ್ಕಿದ್ದಕ್ಕೆ ಹಾಡು, ಗಾಯಕರು, ಆಲ್ಬಮ್ ತುಂಬುತ್ತದೆ. ಇದಕ್ಕೆ ಪೂರ್ತಿ ಕಡತ ಬೇಕು, ಮೈಕಿನಿಂದ ಹಿಡಿದ ತುಣುಕು ನಡೆಯುವುದಿಲ್ಲ. ‘ಸೇವ್’ ಒತ್ತುವ ಮೊದಲು ಫೋಲ್ಡರಿನ ಒಂದು ಪ್ರತಿ ಬೇರೆಡೆ ಇಟ್ಟುಕೊಳ್ಳಿ, ತಪ್ಪು ಆಲ್ಬಮ್ಮಿಗೆ ಹೊಂದಿಸಿ ಉಳಿಸಿದರೆ ಹಳೆಯ ವಿವರ ಅಳಿಸಿಹೋಗುತ್ತದೆ.

ಈ ಸಂಗ್ರಹವನ್ನು ಕಟ್ಟುತ್ತಿರುವವರು ಸ್ವಯಂಸೇವಕರು. ನಿಮ್ಮ ಹಳೆಯ ಭಾವಗೀತೆ ಅಥವಾ ರಂಗಗೀತೆ ಅಲ್ಲಿ ಸಿಗದಿದ್ದರೆ, ಕ್ಯಾಸೆಟ್ಟಿನ ಹೊದಿಕೆಯಲ್ಲಿರುವ ಹೆಸರುಗಳನ್ನು ನೋಡಿ ಮ್ಯೂಸಿಕ್‌ಬ್ರೈನ್ಜ್‌ನಲ್ಲಿ ನೀವೇ ವಿವರ ತುಂಬಿ, ಪಿಕಾರ್ಡ್‌ನಿಂದ ಬೆರಳಚ್ಚನ್ನು ಕಳಿಸಬಹುದು. ಅದೇ ಧ್ವನಿಮುದ್ರಣ ‘ಟ್ರ್ಯಾಕ್ 07’ ಎಂಬ ಹೆಸರಿನಲ್ಲಿ ಇನ್ನೊಬ್ಬರ ಬಳಿ ಇದ್ದರೆ, ಅವರು ಸ್ಕ್ಯಾನ್ ಒತ್ತಿದಾಗ ಹಾಡಿದವರ ಹೆಸರು ಬರುತ್ತದೆ.